ಗುಮಾಸ್ತ ಗಂಗಯ್ಯನವರು ಇಟ್ಟದ್ದು ನಾಳೆ ಇರಲ್ಲ

ಒಂದು ಕಂಪ್ಯೂಟರಿಗೆ ಮೂವತ್ತೆರಡು ಸಾವಿರ. ಅಂಥವು ನಾಲ್ಕು. ಕರೆಂಟು ಹೋದಾಗ ಕಾಲು ಗಂಟೆ ಉಸಿರು ಹಿಡಿದುಕೊಂಡಿರಲು ಯುಪಿಎಸ್ ಎಂಬ ಡಬ್ಬ, ಅದಕ್ಕೆ ಹನ್ನೆರಡು ಸಾವಿರ. ಪ್ರಿಂಟರು ಒಂಬತ್ತು. ಕಿಟಕಿಗೆ ನೀಲಿ ಪರದೆ, ನೆಲಕ್ಕೆ ಚಾಪೆ, ಹೊಸ ಫ್ಯಾನು, ಮೇಷ್ಟ್ರಿಗೆ ಕೂತಲ್ಲೇ ಸುತ್ತುವ ಕುರ್ಚಿ, ಎಲ್ಲ ಸೇರಿ ಇನ್ನೊಂದು ಎಂಟು. ಬಿಳಿಕಲ್ಲಹಳ್ಳಿ ಪ್ರೌಢಶಾಲೆಯ ಸಮಿತಿ ಅಧ್ಯಕ್ಷರಾದ ರಂಗಪ್ಪನವರು ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು. ಅವರು ಇದನ್ನು ರೂಪಾಯಿಯಲ್ಲಿ ಹೇಳುತ್ತಿರಲಿಲ್ಲ. ಬಂದವರಿಗೆಲ್ಲ ಬಾಗಿಲ ಕಡೆ ಕೈ ತೋರಿಸಿ, ಆ ರೂಮಿನೊಳಗೆ ಮೂವತ್ತೈದು ಕ್ವಿಂಟಲ್ ಕೊಬ್ಬರಿ ಇದೆ, ಚಪ್ಪಲಿ ಬಿಟ್ಟು ಒಳಕ್ಕೆ ಹೋಗಿ ಎನ್ನುತ್ತಿದ್ದರು.

ಯಂತ್ರ ತಂದುಕೊಟ್ಟ ಕಂಪನಿಯವನು ಹೋಗುವ ಮುಂಚೆ, ಹುಡುಗರ ಕೈಯಿಂದ ಕಂಪ್ಯೂಟರು ಕಾಪಾಡಲು ಅಂತ ಯಾವುದೋ ಒಂದು ಪ್ರೋಗ್ರಾಮನ್ನು ಕಾಸಿಲ್ಲದೆ ಹಾಕಿಕೊಟ್ಟು ಹೋದ. ಕಾಸು ಕೊಡದ ವಸ್ತುವಾದ್ದರಿಂದ ಅದೇನು, ಹೇಗೆ ಎಂದು ಸಮಿತಿಯಲ್ಲಿ ಯಾರೂ ವಿಚಾರಿಸಲಿಲ್ಲ. ಮುಂದೆ ಆದದ್ದೆಲ್ಲ ಆದದ್ದು ಆ ಪುಕ್ಕಟೆ ಮಾಲಿನಿಂದ.

ಕಂಪ್ಯೂಟರು ಬಂದದ್ದಕ್ಕೆ ಊರೆಲ್ಲ ಖುಷಿಪಟ್ಟಿತು. ಹೊಟ್ಟೆ ಉರಿದದ್ದು ಒಬ್ಬರಿಗೆ, ಶಾಲೆಯ ಗುಮಾಸ್ತ ಗಂಗಯ್ಯನವರಿಗೆ. ಅವರು ಶಾಲೆ ಶುರುವಾದಾಗಿನಿಂದ, ಇಪ್ಪತ್ತೈದು ವರ್ಷದಿಂದ ಆಫೀಸು ರೂಮಿನಲ್ಲಿ ಒಂದು ಕನ್ನಡ ಟೈಪ್‌ರೈಟರಿನ ಮುಂದೆ ಕೂತವರು. ಸುತ್ತಲ ಏಳು ಹಳ್ಳಿಗೆ ಅದೊಂದೇ. ಪಂಪ್‌ಸೆಟ್ಟಿಗೆ ಕರೆಂಟು ಬೇಕಾದರೂ, ಬಸ್ಸು ಊರೊಳಗೆ ಬರಬೇಕಾದರೂ, ದಾಯಾದಿ ಮೇಲೆ ದೂರು ಕೊಡಬೇಕಾದರೂ ಅರ್ಜಿ ಹುಟ್ಟುತ್ತಿದ್ದದ್ದು ಅವರ ಬೆರಳಿನಲ್ಲಿ. ಟೈಪಾಗುವಷ್ಟು ಹೊತ್ತು ಎದುರಿಗೆ ನಿಂತವನು ಕೆಮ್ಮಲಿಕ್ಕೂ ಹೆದರುತ್ತಿದ್ದ. ಆಮೇಲೆ ಗಂಗಯ್ಯನವರ ಮನೆಗೆ ಎಳನೀರೋ ಅವರೆಕಾಯಿಯೋ ತಾನಾಗಿ ನಡೆದುಕೊಂಡು ಬರುತ್ತಿತ್ತು.

ಈಗ ಆ ಜನವೆಲ್ಲ ಕಂಪ್ಯೂಟರ್ ರೂಮಿನ ಮುಂದೆ ನಿಲ್ಲತೊಡಗಿತು. ರೂಮಿನ ಉಸ್ತುವಾರಿ ಗಣಿತದ ಮೇಷ್ಟ್ರು ದಯಾನಂದನದು. ವಯಸ್ಸು ಮೂವತ್ತು, ತುಮಕೂರಲ್ಲಿ ಹದಿನೈದು ದಿನದ ತರಬೇತಿ ಮುಗಿಸಿಕೊಂಡು ಬಂದವನು. ಅವನ ಕೈಯಲ್ಲಿ ಅರ್ಜಿ ನಾಲ್ಕು ಕಡೆ ಅಂಚು ಕಟ್ಟಿಕೊಂಡು, ಸೀರೆಯ ಹಾಗೆ ಹೊರಗೆ ಬರುತ್ತಿತ್ತು. ಜವಾನ ಲಕ್ಕಯ್ಯ ಹನ್ನೊಂದು ಗಂಟೆಯ ಟೀಯನ್ನು ಮೊದಲು ಆ ರೂಮಿಗೆ ಕೊಡಲು ಶುರುಮಾಡಿದ. ಅದೂ ಕಪ್ಪು-ಬಸಿಯಲ್ಲಿ. ಗಂಗಯ್ಯನವರಿಗೆ ಆಮೇಲೆ, ಎಂದಿನ ಸ್ಟೀಲ್ ಲೋಟದಲ್ಲಿ. ಅಂದಿನಿಂದ ಗಂಗಯ್ಯನವರು ದಯಾನಂದನ ಜೊತೆ ಮಾತು ಬಿಟ್ಟರು. ಕಾರಣ ಕೇಳಿದವರಿಗೆ ಟೀ ತಣ್ಣಗಿರುತ್ತೆ ಎಂದು ಹೇಳಿದರು.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಹೆಂಡತಿ ಅನಸೂಯಮ್ಮ ತಮ್ಮ ಸ್ತ್ರೀಶಕ್ತಿ ಸಂಘದ ಸದಸ್ಯರ ಪಟ್ಟಿಯನ್ನು ಗಂಡನಿಗೆ ಒಂದು ಮಾತೂ ಹೇಳದೆ ದಯಾನಂದನ ಹತ್ತಿರ ಮಾಡಿಸಿಕೊಂಡು ಬಂದು ಗೋಡೆಗೆ ಅಂಟಿಸಿದರು.

"ನೋಡಿ, ನನ್ನ ಹೆಸರ ಸುತ್ತ ಹೂವು ಬುಟ್ಟವ್ರೆ. ಇಪ್ಪತ್ತೈದು ವರ್ಷದಲ್ಲಿ ನೀವು ಒಂದು ಹೂವು ಬುಟ್ಟಿದ್ರಾ?"

ಟೈಪ್‌ರೈಟರಿನಲ್ಲಿ ಹೂವಿನ ಕೀಲಿ ಇರುವುದಿಲ್ಲ ಎಂದು ಗಂಗಯ್ಯನವರು ವಿವರಿಸಲು ಹೋದರು. ಅನಸೂಯಮ್ಮ ಒಳಕ್ಕೆ ಹೋಗಿದ್ದರು. ಅವತ್ತು ಗಂಗಯ್ಯನವರು ಎರಡನೇ ಮುದ್ದೆ ಮುಟ್ಟಲಿಲ್ಲ.

ಹೀಗಿರುವಾಗ ಶಾಲೆಗೆ ಇಪ್ಪತ್ತೈದು ವರ್ಷ ತುಂಬುವ ಸಮಯ ಬಂತು. ಬೆಳ್ಳಿಹಬ್ಬಕ್ಕೆ ಒಂದು ಸ್ಮರಣ ಸಂಚಿಕೆ ತರುವುದು, ಅದರಲ್ಲಿ ಇಲ್ಲಿವರೆಗೆ ಓದಿದವರೆಲ್ಲರ ಹೆಸರು ಹಾಕುವುದು, ಆ ಪಟ್ಟಿ ಮಾಡಿಕೊಟ್ಟವರಿಗೆ ವೇದಿಕೆಯ ಮೇಲೆ ಶಾಲು ಹೊದಿಸುವುದು ಎಂದು ಸಮಿತಿ ತೀರ್ಮಾನಿಸಿತು. ಹೆಡ್‌ಮಾಸ್ಟರು ದಯಾನಂದನ ಹೆಸರು ಹೇಳಲು ಬಾಯಿ ತೆಗೆದಿದ್ದರು. ಮೂಲೆಯಲ್ಲಿ ನಡಾವಳಿ ಬರೆದುಕೊಳ್ಳುತ್ತಿದ್ದ ಗಂಗಯ್ಯನವರು ಪೆನ್ನು ಹಿಡಿದೇ ಎದ್ದು ನಿಂತರು. ಆ ಸಾವಿರದ ನೂರ ನಲವತ್ತು ಹುಡುಗರನ್ನು ಶಾಲೆಗೆ ಸೇರಿಸಿಕೊಂಡದ್ದು ನಾನು, ಟಿಸಿ ಬರೆದು ಕಳಿಸಿದ್ದು ನಾನು, ಪಟ್ಟಿಯನ್ನೂ ನಾನೇ ಕಂಪ್ಯೂಟರಿನಲ್ಲಿ ಮಾಡುತ್ತೇನೆ ಎಂದರು.

ಕಂಪ್ಯೂಟರ್ ನಿಮಗೆ ಬರುತ್ತಾ ಎಂದು ರಂಗಪ್ಪನವರು ಕೇಳಿದರು.

"ಅದೇನು ಮಹಾ, ಟೈಪ್‌ರೈಟರಿಗೆ ಟೀವಿ ಕಟ್ಟವ್ರೆ ಅಷ್ಟೇ ತಾನೇ."

ಮಾತು ಅರ್ಧ ನಿಜವೇ ಆಗಿತ್ತು. ಕೀಲಿಗಳೆಲ್ಲ ಹಳೆಯ ಜಾಗದಲ್ಲೇ ಇದ್ದವು. ಸೋಮವಾರ ಗಂಗಯ್ಯನವರು ಹಳೆಯ ದಾಖಲಾತಿ ರಿಜಿಸ್ಟರು ತೊಡೆಯ ಮೇಲಿಟ್ಟುಕೊಂಡು, ಪ್ರಿಂಟರಿದ್ದ ಒಂದನೇ ಕಂಪ್ಯೂಟರಿನಲ್ಲಿ ಮೊದಲ ಎರಡು ವರ್ಷದ ಎಂಬತ್ತಾರು ಹೆಸರು ಹೊಡೆದರು. ಉಳಿಸುವುದು ಹೇಗೆಂದು ಲಕ್ಕಯ್ಯನನ್ನು ಕೇಳಿ ಉಳಿಸಿದರು. ಜವಾನನಿಗೂ ಅಷ್ಟು ಬರುತ್ತಿತ್ತು. ಸಂಜೆ ಕೊನೆಗೆ ಯಂತ್ರಗಳನ್ನೆಲ್ಲ ಆರಿಸಿ ಮೇನ್ ಸ್ವಿಚ್ಚು ತೆಗೆಯುವುದು ದಯಾನಂದನ ಕೆಲಸವಾದ್ದರಿಂದ, ಕಂಪ್ಯೂಟರನ್ನು ಹಾಗೆಯೇ ಬಿಟ್ಟು ಎದ್ದರು. ಬಾಗಿಲಲ್ಲಿ ದಯಾನಂದ ಎದುರಾದ. ಮಾತು ಬಿಟ್ಟವರೆಂದು ಗೊತ್ತಿದ್ದೂ ಮೆಲ್ಲಗೆ ಹೇಳಿದ:

"ಗಂಗಯ್ಯನೋರೆ, ನೀವು ಅಲ್ಲಿ ಇಟ್ಟಿದ್ದು ನಾಳೆ ಇರಲ್ಲ."

ಮುಂದೆಯೂ ಏನೋ ಹೇಳುವುದಿತ್ತು ಅವನಿಗೆ. ಕೇಳಲು ಗಂಗಯ್ಯನವರು ಅಲ್ಲಿರಲಿಲ್ಲ. ಮುಖಕ್ಕೆ ಮುಖ ಕೊಟ್ಟು ಇಷ್ಟು ಚೆನ್ನಾಗಿ ಹೆದರಿಸುವ ಮನುಷ್ಯನನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ.

ಮಂಗಳವಾರ ಬಂದು ನೋಡಿದರೆ ಎಂಬತ್ತಾರು ಹೆಸರಿನಲ್ಲಿ ಒಂದೂ ಇರಲಿಲ್ಲ.

ನಮ್ಮ ಕಡೆಯವರಿಗೆ ವಸ್ತು ತಾನಾಗಿ ಮಾಯವಾಗುತ್ತದೆ ಎಂದರೆ ನಂಬಿಕೆ ಬರುವುದಿಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಆ ಕಡೆ ತಲೆ ಹಾಕದೆ ಬಿಡುತ್ತೇವೆ. ಒಳಗಿನ ನೀರು ಬತ್ತುತ್ತದೆ, ಕೊಬ್ಬರಿಯಾಗುತ್ತದೆ, ಆದರೆ ಎಣಿಕೆ ತಪ್ಪುವುದಿಲ್ಲ. ಎಣಿಕೆ ತಪ್ಪಿತೆಂದರೆ ಅಟ್ಟ ಹತ್ತಿದವನು ಒಬ್ಬ ಇದ್ದಾನೆ ಎಂದೇ ಅರ್ಥ. ಗಂಗಯ್ಯನವರಿಗೂ ಎರಡೂವರೆ ಎಕರೆ ತೋಟ, ಮನೆಯ ಮೇಲೆ ಅಟ್ಟ ಇತ್ತು. ಅವರು ಕಂಪ್ಯೂಟರನ್ನು ಅಟ್ಟದ ಲೆಕ್ಕದಲ್ಲೇ ನೋಡಿದರು.

ಅಟ್ಟದ ಕಾಯಿಗೆ ಕಳ್ಳನ ಕಾಟವಿದ್ದರೆ ಸುಣ್ಣದ ಗುರುತು ಹಾಕುವುದುಂಟು. ಗಂಗಯ್ಯನವರು ಎಂಬತ್ತಾರು ಹೆಸರನ್ನು ಮತ್ತೆ ಹೊಡೆದು, ಮೇಲ್ಗಡೆ ದಪ್ಪ ಅಕ್ಷರದಲ್ಲಿ ಗುರುತು ಹಾಕಿದರು: ಇದು ಗಂಗಯ್ಯನ ಸ್ವತ್ತು, ಮುಟ್ಟಿದವರಿಗೆ ಒಳ್ಳೆಯದಾಗುವುದಿಲ್ಲ. ಪರದೆಯ ಮೇಲಿದ್ದ ಹಸಿರು ಗುಡ್ಡದ ಚಿತ್ರವನ್ನೂ ತೆಗೆಸಿ, ಬರೀ ಕಪ್ಪು ಮಾಡಿಸಿದರು. ಬುಧವಾರ ಹಸಿರು ಗುಡ್ಡ ಎಂದಿನಂತೆ ನಗುತ್ತಿತ್ತು. ಸ್ವತ್ತು ಇರಲಿಲ್ಲ. ಗುರುತೂ ಹೋಗಿತ್ತು.

ಬೇರೆಯವರಾಗಿದ್ದರೆ ಕೈಚೆಲ್ಲುತ್ತಿದ್ದರು. ಗಂಗಯ್ಯನವರು ಹಾಗೆ ಮಾಡಲಿಲ್ಲ. ಕಾಯಿ ಕದ್ದವನು ಎಲ್ಲವನ್ನೂ ಒಂದು ಕಡೆ ಗುಡ್ಡೆ ಹಾಕಿಯೇ ಇರುತ್ತಾನೆ, ಸಿಕ್ಕಿಬಿದ್ದಾಗ ಒಟ್ಟಿಗೆ ಕಕ್ಕಿಸಬಹುದು ಎಂದು ಲೆಕ್ಕ ಹಾಕಿ, ಮೂರನೇ ವರ್ಷದ ಹೆಸರುಗಳಿಗೆ ಕೈ ಹಾಕಿದರು. ದಿನವೂ ಹೊಡೆಯುವುದು, ಮರುದಿನ ಅದು ಇಲ್ಲದ್ದನ್ನು ನೋಡುವುದು, ಮುಂದಿನ ವರ್ಷಕ್ಕೆ ಹೋಗುವುದು. ಕಳ್ಳತನವಾಗುತ್ತಿದ್ದರೂ ಕೆಲಸ ಮಾತ್ರ ಭರದಿಂದ ಸಾಗಿತು.

ಜೊತೆಗೆ ಸೇಡಿನ ಕೆಲಸವನ್ನೂ ಇಟ್ಟುಕೊಂಡರು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಪರದೆಯ ಮೇಲೆ ದಯಾನಂದ ಜೋಡಿಸಿಟ್ಟಿದ್ದ ಚಿತ್ರಗಳನ್ನು, ಹುಡುಗರಿಗೆ ತೋರಿಸುವ ತ್ರಿಕೋನ, ವೃತ್ತಗಳನ್ನು ಒಂದೊಂದಾಗಿ ಅಳಿಸಿದರು. ಹಳೇ ಆಫೀಸಿನವರಾದ್ದರಿಂದ ಅಚ್ಚುಕಟ್ಟು ಹೆಚ್ಚು. ಕಸದ ಬುಟ್ಟಿಯನ್ನೂ ಬರಿದು ಮಾಡಿದರು. ಮರುದಿನ ನೋಡಿದರೆ ತ್ರಿಕೋನ ತ್ರಿಕೋನದ ಜಾಗದಲ್ಲಿ, ವೃತ್ತ ವೃತ್ತದ ಜಾಗದಲ್ಲಿ ಕೂತಿದ್ದವು. ತಾವು ಹೊಡೆದ ಎಪ್ಪತ್ತು ಹೆಸರು ಇರಲಿಲ್ಲ.

ಗಂಗಯ್ಯನವರು ಹೋದದ್ದನ್ನೆಲ್ಲ ಒಂದೊಂದಾಗಿ ಲೆಕ್ಕ ಹಾಕಿದರು. ಜನ ಆ ಹುಡುಗನ ಕಡೆ ಹೋದರು, ಟೀ ಹೋಯಿತು, ಕಟ್ಟಿಕೊಂಡ ಹೆಂಡತಿ ಹೋಗಿ ಹೂವು ಬಿಡಿಸಿಕೊಂಡು ಬಂದಳು. ಈಗ ಕಬ್ಬಿಣದ ಯಂತ್ರವೂ ಅವನ ಕಡೆಗೇ ಹೋಯಿತಲ್ಲ.

ಅವತ್ತು ಊಟದ ಹೊತ್ತಿನಲ್ಲಿ ಹೆಂಡತಿಗೆ ಹೇಳಿಕೊಂಡರು. "ನಾನು ಬರೆದಿದ್ದು ನಿಲ್ಲಲ್ಲ ಕಣೇ. ಅವನು ಬರೆದಿದ್ದು ಅಳಿಸಿದ್ರೂ ಹೋಗಲ್ಲ."

ಅನಸೂಯಮ್ಮ ಸಾರು ಬಡಿಸುತ್ತ, "ಅದಕ್ಕೂ ಮನುಷ್ಯರ ಗುಣ ತಿಳಿಯುತ್ತೆ ಅಂತ ಕಾಣುತ್ತೆ ಬುಡಿ" ಎಂದರು.

ಎರಡನೇ ವಾರದ ಶುಕ್ರವಾರ ದಯಾನಂದ ಯಾವುದೋ ಸಭೆಗೆಂದು ಚಿಕ್ಕನಾಯಕನಹಳ್ಳಿಗೆ ಹೋದ. ಗಂಗಯ್ಯನವರಿಗೆ ಇಡೀ ದಿನ ಸಿಕ್ಕಿತು. ಯಂತ್ರದೊಳಗೆ ಎರಡು ಕೋಣೆಗಳಿರುವುದನ್ನು ಅಷ್ಟರಲ್ಲಿ ಅವರು ಕಂಡುಕೊಂಡಿದ್ದರು. ಸಿ ಅಂತ ಒಂದು, ಡಿ ಅಂತ ಒಂದು. ಇಲ್ಲಿಯವರೆಗೆ ತಾವು ಇಟ್ಟದ್ದು, ಅಳಿಸಿದ್ದು ಎಲ್ಲ ಸಿ ಕೋಣೆಯಲ್ಲೇ. ಡಿ ಒಳಗೆ ಇಣುಕಿದರೆ ಒಂದರ ಕೆಳಗೊಂದು ಹಳದಿ ಕಡತಗಳು. ಮೊದಲಿನ ಎರಡರ ಹೆಸರು ಓದಿದರು: ಎಂಟನೇ ತರಗತಿ ಗಣಿತ, ಒಂಬತ್ತನೇ ತರಗತಿ ಗಣಿತ. ಶತ್ರುವಿನ ಉಗ್ರಾಣ ಇದೇ ಎನ್ನಲು ಅಷ್ಟು ಸಾಕಾಗಿತ್ತು. ಉಳಿದವನ್ನು ಓದುವ ಅಗತ್ಯ ಕಾಣಲಿಲ್ಲ. ಎಲ್ಲವನ್ನೂ ಒಟ್ಟಿಗೆ ಬಳಿದು ಅಳಿಸಿದರು. ಕಸದ ಬುಟ್ಟಿಯನ್ನೂ ಮರೆಯದೆ ಬರಿದು ಮಾಡಿದರು. ಸಂಜೆ ಲಕ್ಕಯ್ಯ ಮೇನ್ ಸ್ವಿಚ್ಚು ತೆಗೆದ.

ಶನಿವಾರ ಬೆಳಗ್ಗೆ ಓಡಿಬಂದು ನೋಡಿದರು. ಅವರ ಶುಕ್ರವಾರದ ಹೆಸರುಗಳು ಇರಲಿಲ್ಲ, ಅದು ಅಭ್ಯಾಸವಾಗಿತ್ತು. ಆದರೆ ಡಿ ಒಳಗೂ ಏನೂ ಇರಲಿಲ್ಲ. ಈ ಸಲ ಒಂದೂ ವಾಪಸು ಬಂದಿರಲಿಲ್ಲ. ದಯಾನಂದ ಬಂದು ಯಂತ್ರದ ಮುಂದೆ ಕೂತು, ಬಹಳ ಹೊತ್ತು ಪರದೆ ನೋಡಿ, ಆಮೇಲೆ ಗಂಗಯ್ಯನವರ ಕಡೆ ತಿರುಗಿ ನೋಡಿದ. ಆ ನೋಟದಲ್ಲಿ ಮರುಕವಿತ್ತು. ಗಂಗಯ್ಯನವರು ಅದನ್ನು ಸೋಲು ಎಂದು ಓದಿಕೊಂಡರು. ಭಾನುವಾರ ಮನೆಯಲ್ಲಿ ಹೇಳಿ ಒಬ್ಬಟ್ಟು ಮಾಡಿಸಿದರು. ಯಾವ ಹಬ್ಬ ಎಂದು ಅನಸೂಯಮ್ಮ ಕೇಳಿದ್ದಕ್ಕೆ, ಮಾಡೇ ಸುಮ್ಮನೆ ಎಂದರು. ಎಷ್ಟೋ ದಿನಗಳ ಮೇಲೆ ಕಣ್ತುಂಬ ನಿದ್ದೆ ಬಂತು.

ಸೋಮವಾರ ರಂಗಪ್ಪನವರು ಸಮಿತಿಯ ನಾಲ್ಕು ಜನರೊಂದಿಗೆ ಬಂದು ಕೂತು, ಎಷ್ಟು ಹೆಸರಾಯ್ತು ಗುಮಾಸ್ತರೇ, ತಿಪಟೂರಿನ ಪ್ರೆಸ್ಸಿನವರು ಇನ್ನೊಂದು ವಾರದಲ್ಲಿ ಪಟ್ಟಿ ಕೊಡಿ ಅಂತವ್ರೆ ಎಂದು ಕೇಳಿದರು. ಕೇಳಿದ ಕೂಡಲೇ ಗಂಗಯ್ಯನವರ ನಿದ್ದೆ, ಒಬ್ಬಟ್ಟು ಎರಡೂ ಇಳಿದುಹೋದವು. ಕೈಯಲ್ಲಿ ಒಂದು ಹೆಸರೂ ಇರಲಿಲ್ಲ. ಬೇರೆ ದಾರಿ ಕಾಣದೆ ದೂರು ಕೊಟ್ಟರು. ಹೊಡೆದದ್ದೆಲ್ಲ ಕಳುವಾಗುತ್ತಿದೆ, ಕಳುವಾಗುತ್ತದೆ ಎಂದು ಮೊದಲೇ ಹೆದರಿಸಿದವರೂ ಇದ್ದಾರೆ, ಕೊನೆಗೆ ಬಾಗಿಲು ಹಾಕುವ ಕೈ ಯಾರದು ಎಂಬುದು ಎಲ್ಲರಿಗೂ ಗೊತ್ತು ಎಂದರು.

ರಂಗಪ್ಪನವರು ಒಬ್ಬರ ಮಾತು ಕೇಳಿ ಇನ್ನೊಬ್ಬರನ್ನು ಬೈಯುವ ಜನವಲ್ಲ. ಪರೀಕ್ಷೆ ಮಾಡೋಣ ಎಂದರು. ಎಲ್ಲರೂ ನೋಡುತ್ತಿರುವಂತೆ ಗಂಗಯ್ಯನವರು ಇಪ್ಪತ್ತೊಂದು ಹೆಸರು ಹೊಡೆದು ಉಳಿಸಿದರು. ದಯಾನಂದನನ್ನು ಕಾಂಪೌಂಡಿನ ಹೊರಗೆ ನಿಲ್ಲಿಸಲಾಗಿತ್ತು. ರಂಗಪ್ಪನವರು ತಾವೇ ಮೇನ್ ಸ್ವಿಚ್ಚು ತೆಗೆದು, ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಸಾಲದೆಂದು ಬೀಗಕ್ಕೆ ಗೋಣಿತಾಟು ಸುತ್ತಿಸಿ, ಕೊಬ್ಬರಿ ಮೂಟೆ ಹೊಲಿಯುವ ದಬ್ಬಳದಲ್ಲಿ ಸುತ್ತಲೂ ಹೊಲಿಸಿ, ಅದರ ಮೇಲೆ ತಮ್ಮ ಅಂಗಡಿಯ ಮಾರ್ಕು ಒತ್ತಿಸಿದರು. ಕಂಪ್ಯೂಟರ್ ರೂಮು ಲಾರಿ ಹತ್ತಲು ತಯಾರಾದ ಮಾಲಿನ ಹಾಗೆ ಕಂಡಿತು.

ಮಂಗಳವಾರ ಶಾಲೆಗೆ ಶಾಲೆಯೇ ಅಂಗಳದಲ್ಲಿ ನಿಂತಿತ್ತು. ಹೊಲಿಗೆ ಹಾಗೇ ಇತ್ತು, ಮಾರ್ಕು ಹಾಗೇ ಇತ್ತು. ಬಿಚ್ಚಿ ಒಳಗೆ ಹೋಗಿ ಯಂತ್ರ ಹಾಕಿದರು. ಇಪ್ಪತ್ತೊಂದು ಹೆಸರು ಇರಲಿಲ್ಲ.

ರಂಗಪ್ಪನವರು ಮೇಜಿನ ಕೆಳಗಿನ ಡಬ್ಬವನ್ನು ಎರಡು ಕೈಯಲ್ಲಿ ಹಿಡಿದು, ಒಣಗಿದ ಕಾಯಿಯನ್ನು ನೋಡುವಂತೆ ಮೆಲ್ಲಗೆ ಅಲ್ಲಾಡಿಸಿ, ಕಿವಿಗೊಟ್ಟು ಕೇಳಿದರು. ಒಳಗೆ ಏನೂ ಸದ್ದಾಗಲಿಲ್ಲ. ದಯಾನಂದ ಮುಂದೆ ಬಂದು, ಅಲ್ಲಾಡಿಸಬೇಡಿ ಸಾರ್, ನಾನು ಹೇಳ್ತೀನಿ ಎಂದ.

ಕಂಪನಿಯವನು ಪುಕ್ಕಟೆ ಹಾಕಿಕೊಟ್ಟ ಪ್ರೋಗ್ರಾಮಿನ ಕೆಲಸವೇ ಇದು ಎಂದು ಅವನು ವಿವರಿಸಿದ. ನಾಲ್ಕು ಯಂತ್ರಕ್ಕೆ ನೂರೈವತ್ತು ಹುಡುಗರು. ಒಬ್ಬ ಸಿನಿಮಾ ನಟನ ಚಿತ್ರ ಹಾಕುತ್ತಾನೆ, ಒಬ್ಬ ಬೇಕಾದ್ದನ್ನು ಅಳಿಸುತ್ತಾನೆ, ಒಬ್ಬ ಎಲ್ಲಿಂದಲೋ ಫ್ಲಾಪಿಯಲ್ಲಿ ವೈರಸ್ಸು ತರುತ್ತಾನೆ. ಯಾರು ಏನು ಮಾಡಿದರೂ ಸಿ ಒಳಗಿನದು ಆರಿಸಿ ಹಾಕಿದ ಕೂಡಲೇ ಮೊದಲ ದಿನ ಹೇಗಿತ್ತೋ ಹಾಗೆ ಎದ್ದು ನಿಲ್ಲುತ್ತದೆ. ಹೊಸದಾಗಿ ಇಟ್ಟದ್ದು ಹೋಗುತ್ತದೆ, ಅಳಿಸಿದ್ದು ವಾಪಸು ಬರುತ್ತದೆ. ಉಳಿಯಬೇಕಾದ ಕೆಲಸವನ್ನು ಡಿ ಒಳಗೆ ಇಡಬೇಕು. ಅಲ್ಲಿಗೆ ಆ ಕಾವಲಿಲ್ಲ, ಇಟ್ಟದ್ದು ಇರುತ್ತದೆ, ಅಳಿಸಿದ್ದು ಹೋಗುತ್ತದೆ.

ರಂಗಪ್ಪನವರ ಮುಖ ಅರಳಿತು. ರಾತ್ರಿ ಮಲಗಿ ಬೆಳಗ್ಗೆ ಎದ್ದರೆ ಹಿಂದಿನ ದಿನದ ಕಿತಾಪತಿಯೆಲ್ಲ ಮಾಯವಾಗುವ ಇಂಥದ್ದೊಂದನ್ನು ತಮ್ಮ ತಮ್ಮನಿಗೆ ಹಾಕಿಸಲು ಎಷ್ಟಾಗುತ್ತದೆ ಎಂದು ವಿಚಾರಿಸಿದರು. ಆಮೇಲೆ ನೆನಪಾಗಿ, ಇದನ್ನು ಗುಮಾಸ್ತರಿಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಗದರಿದರು.

"ಮೊದಲನೇ ದಿನವೇ ಹೇಳಿದೆ ಸಾರ್, ನೀವು ಅಲ್ಲಿ ಇಟ್ಟಿದ್ದು ನಾಳೆ ಇರಲ್ಲ ಅಂತ. ಡಿ ಒಳಗೆ ಇಡಿ ಅನ್ನೋಷ್ಟರಲ್ಲಿ ಗೇಟು ದಾಟಿದ್ರು."

"ಹೌದೇನ್ರೀ ಗಂಗಯ್ಯ?"

"ಹೇಳಿದ್ದು ನಿಜ," ಎಂದರು ಗಂಗಯ್ಯನವರು. "ನಾನು ಹೆದರಿಸ್ತಾವ್ನೆ ಅಂದ್ಕಂಡೆ."

ಅಂಗಳದಲ್ಲಿ ನಗು ಎದ್ದಿತು. ಗಂಗಯ್ಯನವರಿಗೆ ನಾಚಿಕೆಯಾದರೂ ಕಥೆ ಇಲ್ಲಿಗೆ ಮುಗಿಯಿತಲ್ಲ ಎಂದು ಸಮಾಧಾನವಾಗುತ್ತಿತ್ತು. ಅಷ್ಟರಲ್ಲಿ ದಯಾನಂದ ಇನ್ನೊಂದು ಮಾತು ಸೇರಿಸಿದ. ಗಂಗಯ್ಯನವರು ಮಾತಾಡುವ ಹಾಗಿಲ್ಲವಾದ್ದರಿಂದ, ದಿನಾ ಸಂಜೆ ಯಂತ್ರ ಆರಿಸುವ ಮುಂಚೆ ಅವರ ಪಟ್ಟಿಯನ್ನು ನಾನೇ ಡಿ ಒಳಗೆ ನಕಲು ಮಾಡಿ ಇಡುತ್ತಿದ್ದೆ. ಹೋದ ಗುರುವಾರದ ಹೊತ್ತಿಗೆ ಆರುನೂರ ಹನ್ನೆರಡು ಹೆಸರಾಗಿದ್ದವು. ಕಡತಕ್ಕೆ ಗಂಗಯ್ಯನವರ ಕೆಲಸ ಎಂದೇ ಹೆಸರಿಟ್ಟಿದ್ದೆ. ಶುಕ್ರವಾರ ನಾನಿಲ್ಲದಾಗ ಡಿಯನ್ನು ಯಾರೋ ಗುಡಿಸಿ ಹಾಕಿದ್ದಾರೆ. ನನ್ನ ಪ್ರಶ್ನೆಪತ್ರಿಕೆಗಳ ಇನ್ನೊಂದು ಪ್ರತಿ ಫ್ಲಾಪಿಯಲ್ಲಿದೆ. ಇವರದು ಮಾತ್ರ ಹೋಯಿತು.

ಗಂಗಯ್ಯನವರು ಪಕ್ಕದಲ್ಲಿದ್ದ ಸುತ್ತುವ ಕುರ್ಚಿಯ ಮೇಲೆ ಕೂತುಬಿಟ್ಟರು. ಅದು ಅವರನ್ನು ಹೊತ್ತು ಅರ್ಧ ಸುತ್ತು ತಿರುಗಿ, ಗೋಡೆಯ ಕಡೆ ಮುಖ ಮಾಡಿಸಿ ನಿಂತಿತು.

ರಂಗಪ್ಪನವರು ಕೆರಳಿದರು. ಮನುಷ್ಯನ ಹತ್ತು ದಿನದ ಬೆವರನ್ನು ಅಳಿಸಿ ಹಾಕಿದವನು ಎಂಥವನಿರಬೇಕು ಎಂದು ಕೇಳಿದರು. ಸಮಿತಿಯವರು ಒಬ್ಬೊಬ್ಬರಾಗಿ ಉತ್ತರ ಕೊಟ್ಟರು. ಒಬ್ಬರು ಹೊಟ್ಟೆಕಿಚ್ಚಿನವನು ಎಂದರು, ಒಬ್ಬರು ಮನೆಹಾಳ ಎಂದರು. ಲಕ್ಕಯ್ಯ ತಾನು ಶುಕ್ರವಾರ ಸ್ವಿಚ್ಚು ಬಿಟ್ಟು ಏನೂ ಮುಟ್ಟಿಲ್ಲವೆಂದು ಅಳುವ ಮುಖ ಮಾಡಿದ. ಗೋಡೆ ನೋಡಿಕೊಂಡು ಕೂತ ಗಂಗಯ್ಯನವರ ಬೆನ್ನನ್ನು ಎಲ್ಲರೂ ಕನಿಕರದಿಂದ ನೋಡಿದರು.

"ಪಾಪ, ನಷ್ಟ ನಿಮ್ಮದು. ಸಿಕ್ಕಿದ್ರೆ ಅವನಿಗೆ ಏನ್ ಮಾಡಬೇಕು, ನೀವೇ ಹೇಳಿ ಗಂಗಯ್ಯ."

ಗೋಡೆಯ ಕಡೆಯಿಂದಲೇ ಉತ್ತರ ಬಂತು. "ಬುಡಿ ಅಧ್ಯಕ್ಷರೇ. ಅವನಿಗೂ ತಿಳೀದೆ ಮಾಡಿರ್ತಾನೆ."

ಎಂಥ ದೊಡ್ಡ ಮನಸ್ಸು ಎಂದು ಸಮಿತಿ ತಲೆದೂಗಿತು. ಶಾಲು ಹೊದಿಸಬೇಕಾದದ್ದು ಇಂಥವರಿಗೇ ಎಂದು ರಂಗಪ್ಪನವರು ನಿಂತ ನಿಲುವಿನಲ್ಲೇ ಘೋಷಿಸಿದರು. ಶುಕ್ರವಾರ ಆ ರೂಮಿನಲ್ಲಿ ಯಾರಿದ್ದರೆಂದು ಲಕ್ಕಯ್ಯನನ್ನು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಅವನನ್ನು ಕೇಳಿ ಎಂದು ಹೇಳಬಹುದಾಗಿದ್ದ ದಯಾನಂದ ಮೌಸಿನ ವೈರಿನ ಸಿಕ್ಕು ಬಿಡಿಸುತ್ತ ನಿಂತಿದ್ದ.

ಪಟ್ಟಿಗೆ ಉಳಿದದ್ದು ಆರು ದಿನ. ಗಂಗಯ್ಯನವರು ರಿಜಿಸ್ಟರು ನೋಡಿ ಹೆಸರು ಓದುವುದು, ದಯಾನಂದ ಹೊಡೆಯುವುದು ಎಂದಾಯಿತು. ಮೊದಲ ಎರಡು ದಿನ ಹೆಸರಿನ ಹೊರತು ಬೇರೆ ಮಾತಿಲ್ಲ. ಮೂರನೇ ದಿನ, ನಾನೂರರ ಹತ್ತಿರ ಗಂಗಯ್ಯನವರು ಓದುವುದನ್ನು ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

"ಶುಕ್ರವಾರ ಅಳಿಸಿದ್ದು ನಾನೇ ಕಣ್ರೀ ಮೇಷ್ಟ್ರೇ."

"ಗೊತ್ತು ಸಾರ್. ಮುಂದಿನ ಹೆಸರು ಹೇಳಿ."

ಗಂಗಯ್ಯನವರು ಮುಂದಿನ ಹೆಸರು ಹೇಳಿದರು. ದಯಾನಂದ ಮೇಷ್ಟ್ರು ಹೊಡೆದರು.

ಬೆಳ್ಳಿಹಬ್ಬದ ದಿನ ಸಾವಿರದ ನೂರ ನಲವತ್ತು ಹೆಸರೂ ಸಂಚಿಕೆಯಲ್ಲಿದ್ದವು. ಶಾಲು ಗಂಗಯ್ಯನವರಿಗೆ ಸಿಕ್ಕಿತು. ಅಷ್ಟೂ ಹೆಸರನ್ನು ಹೊಡೆದದ್ದು ದಯಾನಂದ ಮೇಷ್ಟ್ರ ಬೆರಳು ಎಂಬ ಮಾತು ವೇದಿಕೆಯ ಮೇಲೆ ಬರಲಿಲ್ಲ. ಅದನ್ನು ಹೇಳಬೇಕೆಂದು ಗಂಗಯ್ಯನವರು ಮೈಕಿನ ಹತ್ತಿರದವರೆಗೂ ಹೋಗಿ, ಎಲ್ಲರಿಗೂ ನಮಸ್ಕಾರ ಎಂದಷ್ಟೇ ಹೇಳಿ ವಾಪಸು ಬಂದರು. ಆ ಶಾಲನ್ನು ಅವರು ಒಂದು ದಿನವೂ ಹೊದೆಯಲಿಲ್ಲ.